ಹೊಸ್ತಿಲ ಕಟ್ಟೆ

ಕರಿಕೋಟೆಯ ಹೊಸ್ತಿಲ ಕಟ್ಟೆಯ ಮೇಲೆ ಕಳೆದ ಸೋಮವಾರ ಯಾರೋ ಬಾಳೆಹಣ್ಣಿನ ಸಿಪ್ಪೆ ಎಸೆದು ಹೋದದ್ದು ಊರಿನಲ್ಲಿ ತೀವ್ರ ಕಳವಳ ಉಂಟುಮಾಡಿದೆ. ಬೀರಪ್ಪನ ಗುಡಿಯವರು, ದರ್ಗಾದವರು, ಬಸದಿಯವರು ಬೇರೆ ಬೇರೆಯಾಗಿ ಸಭೆ ಸೇರಿ ಒಂದೇ ಮಾತಿನಲ್ಲಿ ಖಂಡಿಸಿದರು. ಅಷ್ಟರಲ್ಲಿ ಆಡೊಂದು ಸಿಪ್ಪೆಯನ್ನು ತಿಂದು ಮುಗಿಸಿತ್ತು. ಕೋಟೆ ಬಾಗಿಲ ಒಳಮಗ್ಗುಲಿಗೆ, ಬೇವಿನ ಮರದ ಕೆಳಗಿರುವ ಈ ಕಟ್ಟೆಗೆ ಇಷ್ಟು ಮರ್ಯಾದೆ ಏಕೆ ಎಂದು ಹೊರಗಿನವರು ಕೇಳಿದರೆ, ಹಿರಿಯರು ಹೇಳುವುದು ಹೀಗೆ.

ಹಿಂದೆ ಒಮ್ಮೆ, ಈ ಕೋಟೆ ಕಟ್ಟುವಾಗ, ಕಲ್ಲು ಹೊರಲು, ಸುಣ್ಣ ಅರೆಯಲು ಎಲ್ಲೆಲ್ಲಿಂದಲೋ ಜನ ಬಂದಿದ್ದರಂತೆ. ಗೋಡೆ ಏಳುವ ತನಕ ಅವರು ಎಲ್ಲಿ ಮಲಗುತ್ತಾರೆಂದು ಯಾರೂ ಕೇಳಲಿಲ್ಲ. ಗೋಡೆ ಎದ್ದ ಮೇಲೆ, ಪೇಟೆಯ ಜಗಲಿಗಳಲ್ಲಿ ಅಪರಿಚಿತರು ಮಲಗುತ್ತಿದ್ದಾರೆಂಬುದು ಊರಿನ ಗಮನಕ್ಕೆ ಬಂತು. ಮನೆಯಿಲ್ಲದವರೆಲ್ಲ ಸಂಜೆ ಬಾಗಿಲು ಹಾಕುವ ಮುಂಚೆ ಹೊರಗಿರಬೇಕೆಂದು ಕೊತ್ವಾಲ ರಾಣೋಜಿ ಡಂಗುರ ಹೊಡೆಸಿದ. ಕೋಟೆ ಕಟ್ಟಿದ್ದೇ ತೋಳ ಮತ್ತು ಕಳ್ಳರ ಭಯಕ್ಕೆ. ಕಟ್ಟಿದವರನ್ನು ಅವೆರಡರ ಜೊತೆ ಬಿಡುವುದು ನಿಯಮಕ್ಕೆ ಸರಿಯಾಗಿಯೇ ಇತ್ತು.

ಸುಣ್ಣ ಅರೆಯುತ್ತಿದ್ದ ದೇಮವ್ವ ಆಗ ತುಂಬು ಬಸುರಿ. ಅವಳು ಬೀರಪ್ಪನ ಪೂಜಾರಿ ಅಮೋಗೆಪ್ಪನ ಹತ್ತಿರ ಬಂದು, "ಯಪ್ಪಾ, ನಮ್ಮನ್ನ ಒಳಗ ಇರಾಕ ಬಿಡಸ್ರಿ. ಹೊರಗ ಹಡದ್ರ ಕೂಸು ನನಗ ಉಳಿಯಂಗಿಲ್ಲ" ಎಂದಳು. ಅಮೋಗೆಪ್ಪ ಧೈರ್ಯಶಾಲಿಯೆಂದು ಯಾರೂ ಹೇಳುವುದಿಲ್ಲ. ಕೊತ್ವಾಲನ ಕುದುರೆ ಬರಿದೇ ಬಂದರೂ ಕೈಮುಗಿಯುವವನು. ಅವನಿಗೆ ಬರುತ್ತಿದ್ದದ್ದು ಪೂಜೆಯೊಂದೇ, ಅದನ್ನೇ ಮಾಡಿದ. ಹೆಗಲ ಕರಿಕಂಬಳಿಯನ್ನು ಕಟ್ಟೆಯ ಮೇಲೆ ಹಾಸಿ, ಬೀರಪ್ಪನಿಗೆ ಗದ್ದುಗೆ ಮಾಡಿ, ಮನೆಯಿಲ್ಲದವರನ್ನೆಲ್ಲ ಎದುರಿಗೆ ಕೂರಿಸಿದ. ಗದ್ದುಗೆಯ ಮುಂದೆ ಕೂತವರು ಭಂಡಾರ, ಎಂದರೆ ಪೂಜೆಯ ಅರಿಸಿನದ ಪುಡಿ, ಕೈಗೆ ಬರುವ ತನಕ ಏಳುವಂತಿಲ್ಲ. ಅದನ್ನು ಯಾವ ಮನೆಯ ಹೊಸ್ತಿಲಿಗೆ ಹಚ್ಚುವರೆಂದು ಹೇಳಿಯೇ ಪಡೆಯಬೇಕು. ಮೊದಲು ಕೂತವರಿಗೆ ಕೊಡದೆ ಆಮೇಲೆ ಕೂತವರಿಗೆ ಕೊಡುವ ಪದ್ಧತಿಯೂ ಇಲ್ಲ.

ಜನರನ್ನು ಎಬ್ಬಿಸಲು ಬಂದ ರಾಣೋಜಿ ಗದ್ದುಗೆ ಕಂಡ. ಅವನೂ ಬೀರಪ್ಪನ ಒಕ್ಕಲು. ಚಿಕ್ಕಂದಿನ ರೂಢಿಯಂತೆ ಜೋಡು ಕಳಚಿದ, ಅಡ್ಡಬಿದ್ದ, ಜನರ ಹಿಂದೆ ಹೋಗಿ ಕೂತ. ಇನ್ನು ಏಳುವಂತಿಲ್ಲವೆಂಬುದು ಕೂತ ಮೇಲೆ ನೆನಪಾಯಿತು ಎನ್ನುತ್ತಾರೆ.

"ಏ ಪೂಜಾರಿ, ಲಗೂನ ಭಂಡಾರ ಕೊಡು. ಮನಿಯಾಗ ರೊಟ್ಟಿ ಆರಾಕತ್ತಾವು."

"ಕೊಡ್ತೀನ್ರಿ ಧಣಿ. ಮುಂದ ದೇಮವ್ವ ಕುಂತಾಳ. ಆಕಿ ಯಾವ ಹೊಸ್ತಿಲಿಗೆ ಹಚ್ಚಬೇಕ್ರಿ?" ಎಂದ ಅಮೋಗೆಪ್ಪ. ದೇವರು ಮೊದಲು ಸಿಟ್ಟಾಗುತ್ತಾನೋ ಕೊತ್ವಾಲನೋ ತಿಳಿಯದೆ ಇಬ್ಬರಿಗೂ ಒಟ್ಟಿಗೇ ಕೈಮುಗಿದ.

"ನನ್ನ ಹಣಿಗೆ ಹಚ್ಚಲಿ!"

"ನಿಮ್ಮ ಹಣಿ ದಾಟಿ ಒಳಗ ಹೋಗಿ ಮಲಗಾಕ ಬರ್ತದೇನ್ರಿ, ಸಾಹೇಬ್ರ?" ಎಂದಳು ದೇಮವ್ವ.

ಬಾಗಿಲು ಹಾಕುವ ಹೊತ್ತಾಯಿತು. ಕೊತ್ವಾಲ ಎದುರಿಗೆ ನಿಂತು ಹಾಕಿಸಬೇಕಾದ ಬಾಗಿಲು ಅದು, ಕೊತ್ವಾಲನೋ ಕೂತಿದ್ದ. ಕೊನೆಗೆ ಅವನು ದೂರದಲ್ಲಿ ನಿಂತಿದ್ದ ಸಿಪಾಯಿಗಳನ್ನು ಕೂಗಿ, "ಕೋಟಿ ಕಟ್ಟಿ ಉಳಿದ ಆ ಹೊಸ್ತಿಲ ಕಲ್ಲು ತಂದು ಈ ಕಟ್ಟಿಗೆ ಹಾಕ್ರಿ. ಇದ ಇವರ ಮನಿ. ಗ್ವಾಡಿ ಆಮ್ಯಾಲ ಕಟ್ಟಸೂಣು" ಎಂದ. ದೇಮವ್ವ ಕಲ್ಲಿಗೆ ಭಂಡಾರ ಹಚ್ಚಿ, ಬಲಗಾಲಿಟ್ಟು ಒಳಗೆ ಹೋದಳು. ಒಳಗೆ ಎನ್ನುವುದೂ ಹೊರಗಿನಂತೆಯೇ ಇತ್ತು, ಆದರೆ ಹೊಸ್ತಿಲುಳ್ಳವರನ್ನು ಮನೆಯಿಲ್ಲದವರೆಂದು ಹೊರಹಾಕಲು ಡಂಗುರದಲ್ಲಿ ಅವಕಾಶವಿರಲಿಲ್ಲ. ಆ ವಾರವೇ ಅಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿ, ಉಳಿಯಿತು. ದರ್ಗಾದವರು ಉರುಸಿನ ಚಪ್ಪರದ ಬಟ್ಟೆ ತಂದು ಕಟ್ಟಿದರು. ಬಸದಿಯವರು ಗಂಜಿ ಕೊಟ್ಟರು, ಕತ್ತಲಾದ ಮೇಲೆ ಉಣ್ಣುವುದು ತಮ್ಮಲ್ಲಿ ನಿಷಿದ್ಧವಾದ್ದರಿಂದ ಹೊತ್ತು ಮುಳುಗುವ ಮುಂಚೆಯೇ ಬಡಿಸಿ ಮುಗಿಸಿದರು.

ಈಗಲೂ ಹೋದವರಿಗೆ ಅಲ್ಲಿ ಅರಿಸಿನ ಮೆತ್ತಿದ ಒಂದು ಕಲ್ಲಿನ ಹೊಸ್ತಿಲು ಕಾಣುತ್ತದೆ. ಕಟ್ಟೆಯನ್ನು ಯಾವ ಕಡೆಯಿಂದಲಾದರೂ ಹತ್ತಬಹುದು, ಆದರೂ ರಾತ್ರಿ ತಂಗುವ ಹಮಾಲರು, ಕೂಲಿಯವರು ಅದನ್ನೇ ದಾಟಿ ಹತ್ತುತ್ತಾರೆ. ಚಪ್ಪರ ದರ್ಗಾದಿಂದ, ಗಂಜಿ ಬಸದಿಯಿಂದ, ಭಂಡಾರ ಗುಡಿಯಿಂದ ಬರುತ್ತದೆ. ಗೋಡೆಯನ್ನು ಇದುವರೆಗೆ ಯಾರೂ ಕಟ್ಟಿಸಿಲ್ಲ.