ಮೊದಲ ಹಣ್ಣಿನ ಮಾತುಗಳು

"ಗುರುಗಳೇ, ಮನುಷ್ಯನಿಂದ ಅಹಂಕಾರ ಪೂರ್ತಿ ಹೋಗುವುದುಂಟೇ?" ಎಂದು ಶಿಷ್ಯ ಹಿಲ್ಕೀಯ ಕೇಳಿದ.

ಮುದಿ ರಬ್ಬಿ ಎಲ್ಯಾಕೀಮ್ ಒಂದು ಕತೆ ಹೇಳಿದರು.

ಯೆರೂಸಲೇಮಿನಲ್ಲಿ ದೇವಾಲಯ ಇನ್ನೂ ನಿಂತಿದ್ದ ಕಾಲ. ಒಬ್ಬ ದ್ರಾಕ್ಷಿ ತೋಟದವನಿದ್ದ. ಬೆಳೆದವರು ಪ್ರತಿ ವರ್ಷ ಬೆಳೆಯ ಮೊದಲ ಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ಅಲ್ಲಿಗೆ ಹೋಗಬೇಕು. ಯಾಜಕನ ಮುಂದೆ ನಿಂತು, ಹಿರಿಯರ ಅಲೆದಾಟವನ್ನೂ ದೇವರು ಕೊಟ್ಟ ನೆಲವನ್ನೂ ನೆನೆಯುವ ಮಾತುಗಳನ್ನು ಹೀಬ್ರೂವಿನಲ್ಲಿ ಬಾಯಿಪಾಠವಾಗಿ ಹೇಳಬೇಕು. ಬಾರದವರಿಗೆ ಯಾಜಕನೇ ಒಂದೊಂದು ಪದ ಹೇಳಿಕೊಡುತ್ತಿದ್ದ.

ತೋಟದವನಿಗೆ ಆ ಮಾತುಗಳನ್ನು ಕಲಿಸಿದ್ದು ಅವನ ತಂದೆ. ಬಳ್ಳಿ ನೆಟ್ಟವನೂ ತಂದೆಯೇ. ಹಣ್ಣು ಕಾಣುವ ಮೊದಲೇ ತೀರಿಕೊಂಡ. ಎಳೆ ಬಳ್ಳಿಯ ಹಣ್ಣನ್ನು ಮೊದಲ ವರ್ಷಗಳಲ್ಲಿ ಮುಟ್ಟಬಾರದೆಂದು ಧರ್ಮಶಾಸ್ತ್ರವಿದೆಯಲ್ಲ, ಮಗ ಕಾದ. ಕಳೆ ಕೀಳುವಾಗ, ನೀರು ಸೇದುವಾಗ ಆ ಮಾತುಗಳನ್ನೇ ಹೇಳಿಕೊಂಡ. ತಂದೆಯ ಮಾತು ತನ್ನ ದನಿಯಲ್ಲಿ ದೇವಾಲಯದಲ್ಲಿ ಕೇಳಬೇಕು, ಒಂದೇ ಒಂದು ಸಲ. ಆ ಹಂಬಲ ಅವನನ್ನು ಸುಮ್ಮನೆ ಇರಗೊಡಲಿಲ್ಲ. ಊರಿನವರೂ ಕೇಳಿಸಿಕೊಳ್ಳಲಿ ಎಂಬ ಆಸೆ ಇರಲಿಲ್ಲ ಎನ್ನಲಾರೆ.

ಐದನೆಯ ವರ್ಷ ಊರಿನವರ ಜೊತೆ ಬುಟ್ಟಿ ಹೊತ್ತು ಬಂದು ದೇವಾಲಯದ ಸಾಲಿನಲ್ಲಿ ನಿಂತ. ಹಿಂದೆ ಒಬ್ಬ ಮುದುಕ. ಕೈಯಲ್ಲಿ ಅಂಜೂರದ ಬುಟ್ಟಿ. ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

"ಯಾಕಜ್ಜಾ?"

"ನನಗೆ ಬರದಪ್ಪಾ. ಇಷ್ಟು ಜನರೆದುರು ಹೇಳಿಸಿಕೊಳ್ಳಬೇಕಲ್ಲ. ಹೋದ ವರ್ಷವೂ ಬಾಗಿಲಿನಿಂದಲೇ ವಾಪಸು ಹೋದೆ. ನಿನಗೇನು, ಬಲ್ಲವನಂತೆ ಕಾಣುತ್ತೀಯ."

ಅಷ್ಟರಲ್ಲಿ ಯಾಜಕ ಕರೆದ. ತೋಟದವನು ಮುಂದೆ ಹೋದ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹಿಂದಿರುಗಿ ನೋಡಿದ. ಮುದುಕ ಆಗಲೇ ಬೆನ್ನು ತಿರುಗಿಸಿದ್ದ.

"ನನಗೆ ಬರುವುದಿಲ್ಲ, ಹೇಳಿಕೊಡಿ" ಎಂದ, ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಊರಿನವರು ಮುಸಿಮುಸಿ ನಕ್ಕರು. ಮುದುಕ ನಿಂತ. ಆಮೇಲೆ ತಾನೂ ಬಂದು, ಹೇಳಿಸಿಕೊಂಡು, ಅಂಜೂರ ಒಪ್ಪಿಸಿ ಅತ್ತ.

ಮರುವರ್ಷ ಮುದುಕ ಅವನನ್ನೇ ಹುಡುಕಿಕೊಂಡು ಬಂದು ಪಕ್ಕದಲ್ಲಿ ನಿಂತ, "ನಮ್ಮಿಬ್ಬರದೂ ಒಂದೇ ಪಾಡು" ಎಂದು. ಇನ್ನೇನು ಮಾಡುವುದು? ಆ ವರ್ಷವೂ ತೋಟದವನು ಹೇಳಿಸಿಕೊಂಡ, ಅದರ ಮುಂದಿನ ವರ್ಷವೂ. ಮುದುಕ ತೀರಿಕೊಂಡ ವರ್ಷವೇ ದೇವಾಲಯವೂ ಸುಟ್ಟುಹೋಯಿತು. ಆ ಮಾತುಗಳನ್ನು ಹೇಳಲು ಜಾಗವೇ ಉಳಿಯಲಿಲ್ಲ. ಈಗಲೂ ದ್ರಾಕ್ಷಿ ಹಣ್ಣಾಗುವ ಕಾಲಕ್ಕೆ ಅವನ ತುಟಿ ಅಲುಗುತ್ತದೆ.

ಹಿಲ್ಕೀಯನ ಕಣ್ಣು ತುಂಬಿತ್ತು. "ಅವನಿಗೆ ಬರುತ್ತಿತ್ತು ಎಂದು ಯಾರಿಗೂ ಗೊತ್ತಾಗಲೇ ಇಲ್ಲ. ಹಾಗಾದರೆ ಅವನ ಅಹಂಕಾರ ಪೂರ್ತಿ ಹೋಯಿತಲ್ಲವೇ, ಗುರುಗಳೇ?"

ರಬ್ಬಿ ಹೇಳಿದರು: "ಇವತ್ತು ನಿನ್ನ ಮುಂದೆ ಬಾಯಿ ಬಿಡುವವರೆಗೂ ನಾನು ಹಾಗೆಂದೇ ತಿಳಿದಿದ್ದೆ."