ತಲೆಯಾಡಿಸುವ ಸಂತಮ್ಮನೂ ಗೋಡೆಯೊಳಗಿನ ಗಸ್ಪಾರನೂ

ಕಡಲಾಚೆ, ಪರಂಗಿಯವರ ಸೀಮೆಯಲ್ಲಿ ಒಂದು ಊರಿತ್ತಂತೆ. ಎಷ್ಟು ದೂರ ಅಂದರೆ, ಏಳು ಹಡಗು ಹತ್ತಿ ಏಳು ಹಡಗು ಇಳಿದು, ಆಮೇಲೂ ಏಳು ಹಗಲು ನಡೆಯಬೇಕಂತೆ. ನಡೆದವರನ್ನು ನಾನು ನೋಡಿಲ್ಲ, ಕೇಳಿದವರ ಬಾಯಿಂದ ಕೇಳಿದ್ದೇನೆ. ಆ ಊರಲ್ಲಿ ಮಳೆ ಬೀಳೋ ಹಾಗೆ ಹಿಮ ಬೀಳುತ್ತದಂತೆ. ಊರ ನಡುವೆ ಕಲ್ಲಿನ ಇಗರ್ಜಿ, ಅದಕ್ಕೆ ಅಂಟಿಕೊಂಡು ಪಾದ್ರಿಗಳ ಮಠ, ಇಗರ್ಜಿಯ ಒಳಗೆ ಆಳೆತ್ತರದ ಮರದ ಸಂತಮ್ಮ. ಅಲ್ಲಿಯವರು ಅವಳಿಗೆ ಇಟ್ಟ ಹೆಸರು ನನ್ನ ನಾಲಿಗೆಗೆ ಹೊರಳೋದಿಲ್ಲ. ಸಂತಮ್ಮ ಅಂತಲೇ ಇಟ್ಟುಕೊಳ್ಳಿ.

ಈ ಸಂತಮ್ಮ ಸುಮ್ಮನೆ ನಿಂತವಳಲ್ಲ. ಆ ಊರಲ್ಲಿ ಯಾರ ಮೇಲೆ ಯಾರು ದೂರು ಹೇಳಿದರೂ ಚಾವಡಿ ಇಲ್ಲ, ಪಂಚಾಯ್ತಿ ಇಲ್ಲ. ದೂರು ಹೊತ್ತವರು ಅವಳ ಪಾದ ಮುಟ್ಟಿ ಮೂರು ಸಲ ತಮ್ಮ ಮಾತು ಹೇಳಬೇಕು. ಮಾತು ನಿಜವಾದರೆ ಸಂತಮ್ಮ ಹೌದು ಅಂತ ತಲೆಯಾಡಿಸುತ್ತಾಳೆ. ಸುಳ್ಳಾದರೆ ಮರ ಮರವಾಗಿಯೇ ನಿಂತಿರುತ್ತದೆ. ಅದರ ಮೇಲೆ ರಾಜನ ಮಾತೂ ನಡೆಯುತ್ತಿರಲಿಲ್ಲವಂತೆ.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಆ ಊರಿಗೆ ಗಸ್ಪಾರ ಅನ್ನೋ ಸೂತ್ರದ ಗೊಂಬೆಯಾಟದವನು ಬಂದ. ಬಂದ ಅನ್ನೋದಕ್ಕಿಂತ ಬಿದ್ದ ಅನ್ನಬೇಕು. ದಾರಿಯಲ್ಲಿ ಚಳಿ ತಡೆಯಲಾಗದೆ ಗೊಂಬೆಗಳನ್ನೇ ಒಂದೊಂದಾಗಿ ಸುಟ್ಟು ಕೈ ಕಾಯಿಸಿಕೊಂಡಿದ್ದನಂತೆ. ಮೊದಲು ಕಳ್ಳನನ್ನು ಸುಟ್ಟ, ಆಮೇಲೆ ಮಂತ್ರಿಯನ್ನು, ಆಮೇಲೆ ಅಳುತ್ತಾ ರಾಣಿಯನ್ನು. ರಾಜನನ್ನೂ ಸುಟ್ಟ ದಿನ ಈ ಊರಿನ ಬಾಗಿಲಲ್ಲಿ ಬಂದು ಕುಸಿದ.

ಅವನನ್ನು ಎತ್ತಿ ಒಳಗೆ ತಂದವಳು ದೊರೊತೆ, ಊರಿನ ರೊಟ್ಟಿಯವಳು. ಆ ಸೀಮೆಯಲ್ಲಿ ಮನೆಮನೆಗೆ ರೊಟ್ಟಿಯ ಒಲೆ ಇರೋದಿಲ್ಲ. ಊರಿಗೆಲ್ಲ ಸೇರಿ ಒಂದೇ ದೊಡ್ಡ ಒಲೆ. ಹೆಂಗಸರು ನಾದಿದ ಹಿಟ್ಟಿನ ಮೇಲೆ ತಮ್ಮ ಮನೆಯ ಗುರುತು ಒತ್ತಿ ತರುತ್ತಾರೆ, ಒಲೆಯವಳು ಸುಟ್ಟು ಕೊಡುತ್ತಾಳೆ. ದೊರೊತೆ ಗಂಡ ಸತ್ತವಳು, ಮಕ್ಕಳಿಲ್ಲದವಳು, ಬಾಯಿ ಜೋರು, ಕೈ ಉದಾರ. ಗಸ್ಪಾರನನ್ನು ಒಲೆಯ ಪಕ್ಕದಲ್ಲಿ ಮಲಗಿಸಿ, ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟಳು. "ನನ್ನ ತಮ್ಮನ ವಯಸ್ಸಿನವನು, ಇಲ್ಲೇ ಬಿದ್ದಿರಲಿ" ಅಂದಳು. ಅಲ್ಲಿಂದ ಅವಳು ಅಕ್ಕ, ಇವನು ತಮ್ಮ.

ಗೊಂಬೆಯಾಟದವನು ಬಂದಿದ್ದಾನೆ ಅನ್ನೋ ಸುದ್ದಿ ಮಠಕ್ಕೆ ಮುಟ್ಟಿತು. ದೊಡ್ಡ ಪಾದ್ರಿಗಳು ಹೇಳಿಕಳುಹಿಸಿದರು. ಗಸ್ಪಾರ ಹೋದ. ಪಾದ್ರಿಗಳು ಯಾರಿಗೂ ಹೇಳಕೂಡದು ಅಂತ ಅವನ ಕೈಯಿಂದ ಆಣೆ ಮಾಡಿಸಿಕೊಂಡು, ಸಂತಮ್ಮನ ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ತೆಗೆದರು. ಒಳಗೆ ಒಬ್ಬ ಮನುಷ್ಯ ನಿಲ್ಲುವಷ್ಟು ಗೂಡು. ಹೊರಗೆ ನೋಡಲು ಕಿಂಡಿ. ಸಂತಮ್ಮನ ಕತ್ತಿನಿಂದ ಒಂದು ದಾರ ಬಂದು ಗೂಡಿನಲ್ಲಿ ಇಳಿಬಿದ್ದಿತ್ತು.

ಗಸ್ಪಾರ ದಾರ ಮುಟ್ಟಿ ನೋಡಿದ. "ಸ್ವಾಮಿ, ಇದು ಗೊಂಬೆ!"

"ಎಳೆಯೋ ಮುದುಕ ತೀರಿಕೊಂಡ. ಇನ್ನು ಮೇಲೆ ನೀನು."

"ಜನಕ್ಕೆ ಮೋಸ ಅಲ್ವಾ ಸ್ವಾಮಿ?"

ಪಾದ್ರಿಗಳು ನಕ್ಕರು. ಒಳ್ಳೆಯ ನಗುವೇ ಅಂತೆ ಅದು. "ಮೋಸ ಎಲ್ಲಿಂದ ಬಂತಯ್ಯ? ಯಾರು ಏನು ಮಾಡಿದರು ಅಂತ ನಾವು ಮೊದಲೇ ವಿಚಾರಿಸಿ ತಿಳ್ಕೊಂಡಿರ್ತೀವಿ. ನಾವು ಹೇಳಿದರೆ ಜನ ಕೇಳಲ್ಲ, ಅವಳು ಹೇಳಿದರೆ ಕೇಳ್ತಾರೆ. ನಾನು ಕೆಮ್ಮಿದರೆ ಎಳೆ. ಕೆಮ್ಮದೇ ಇದ್ದರೆ ಸುಮ್ಮನಿರು. ಇಷ್ಟೇ ನಿನ್ನ ಕೆಲಸ."

ಗಸ್ಪಾರ ಒಪ್ಪಿಕೊಂಡ. ಹೊಟ್ಟೆಪಾಡು ಅನ್ನೋದು ಒಂದು. ಇನ್ನೊಂದು, ಅವನ ಕಸುಬೇ ಅಂಥದ್ದು. ಗೊಂಬೆಯಾಟದಲ್ಲಿ ಹಾಡುವವನು ಹಾಡಿದಂತೆ ದಾರದ ಕೈ ಆಡಬೇಕು. ಹಾಡುವವನು "ರಾಜ ಸತ್ತ" ಅಂದರೆ ಗೊಂಬೆ ಬೀಳಬೇಕು. ಯಾಕೆ ಸತ್ತ, ಸಾಯಬಾರದಿತ್ತು ಅಂತ ಕೈ ಕೇಳಿದರೆ ಆಟ ಕೆಟ್ಟಿತು. ಏಳನೇ ವಯಸ್ಸಿನಿಂದ ಅಪ್ಪ ಬಾರಿಸಿ ಬಾರಿಸಿ ಕಲಿಸಿದ ಪಾಠ ಇದು. ಪಾದ್ರಿಗಳ ಕೆಮ್ಮನ್ನು ಗಸ್ಪಾರ ಹಾಡು ಅಂತ ತಿಳಿದ. ಇಡೀ ಜನ್ಮದಲ್ಲಿ ಅವನು ಮಾಡಿದ ದೊಡ್ಡ ತಪ್ಪು ಇದೇ ನೋಡಿ.

ಊರಿನವರ ಲೆಕ್ಕಕ್ಕೆ ಅವನು ಇಗರ್ಜಿಯಲ್ಲಿ ದೀಪ ಹಚ್ಚುವವನು. ಒಂದು ಚಳಿಗಾಲ ಕಳೆಯಿತು, ಎರಡು ಕಳೆಯಿತು, ಮೂರು ಕಳೆಯಿತು. ಪಾದ್ರಿಗಳು ಕೆಮ್ಮಿದರು, ಇವನು ಎಳೆದ. ಕೆಮ್ಮಲಿಲ್ಲ, ಇವನು ಎಳೆಯಲಿಲ್ಲ. ಪಾಪ, ನ್ಯಾಯದ ದಿನವೇ ಪಾದ್ರಿಗಳಿಗೆ ಎದೆ ಕಟ್ಟುತ್ತದೆ ಅಂತ ಊರಿನ ಮುದುಕಿಯರು ಮೆಣಸು ಜೇನು ಕಾಸಿ ತಂದುಕೊಡುತ್ತಿದ್ದರಂತೆ. ಪಾದ್ರಿಗಳು ಅದನ್ನೂ ಕುಡಿದರು.

ಒಂದು ಮಧ್ಯಾಹ್ನ ಗಸ್ಪಾರ ಗೂಡಿನೊಳಗೆ ದಾರಕ್ಕೆ ಮೇಣ ತೀಡುತ್ತಾ ನಿಂತಿದ್ದ. ಹೊರಗೆ ಹೆಜ್ಜೆ ಸಪ್ಪಳವಾಯಿತು. ಕಿಂಡಿಯಲ್ಲಿ ನೋಡಿದರೆ ಲುವೀಸ. ಲುವೀಸ ಅಂದರೆ ದೊಡ್ಡ ಪಾದ್ರಿಗಳ ತಂಗಿಯ ಮಗ, ಹೆಂಡದಂಗಡಿಯ ಕಂಬದಂಥ ಗಿರಾಕಿ. ಆಚೆ ನೋಡಿದ, ಈಚೆ ನೋಡಿದ, ಪೂಜೆಯ ಬೆಳ್ಳಿ ಬಟ್ಟಲನ್ನು ಎತ್ತಿ ಅಂಗಿಯೊಳಗೆ ಇಳಿಸಿಕೊಂಡು ಹೊರಟೇ ಹೋದ.

ಗಸ್ಪಾರ ಓಡಿಹೋಗಿ ಪಾದ್ರಿಗಳಿಗೆ ಹೇಳಿದ. ಅವರು ಎದ್ದು ಹೋಗಿ ಕದ ಮುಂದಕ್ಕೆ ಮಾಡಿದರು.

"ನೀನು ಎಲ್ಲಿದ್ದೆ?"

"ಗೋಡೆಯೊಳಗೆ ಸ್ವಾಮಿ."

"ಗೋಡೆಯೊಳಗೆ ಯಾರೂ ಇಲ್ಲ ಕಣಯ್ಯ. ಇಲ್ಲದವನು ನೋಡೋದು ಹ್ಯಾಗೆ?"

ಮಾರನೆಯ ದಿನ ಊರಲ್ಲಿ ಗುಲ್ಲೆದ್ದಿತು. ಬಟ್ಟಲು ಹೋಯಿತು, ಬಟ್ಟಲು ಹೋಯಿತು. ಇಗರ್ಜಿಯೊಳಗೆ ದಿನಾ ಹೋಗುವವರು ಯಾರು? ಪೂಜೆಯ ರೊಟ್ಟಿ ತರುವ ದೊರೊತೆ. ಮೊದಲು ಯಾರು ಅವಳ ಹೆಸರು ಎತ್ತಿದರೋ ಗೊತ್ತಿಲ್ಲ, ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅದೇ ಹೆಸರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳೋದು ಯಾಕೆ ಅಂತ ಅವಳು ಯಾರ ಮೇಲೂ ರೇಗಲಿಲ್ಲ. ಅವಳಿಗೆ ಹೆದರಿಕೆಯೂ ಇರಲಿಲ್ಲ. ನ್ಯಾಯದ ದಿನ ಬೆಳಗ್ಗೆ ತಲೆ ಬಾಚಿಕೊಂಡು, ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಹಬ್ಬಕ್ಕೆ ಹೊರಟವಳ ಹಾಗೆ ಹೊರಟಳು.

"ನೀನೂ ಬಾ ತಮ್ಮಾ, ನೋಡು. ಅಮ್ಮ ನಂಗೆ ಹೆಂಗೆ ತಲೆಯಾಡಿಸ್ತಾಳೆ ಅಂತ."

"ದೀಪದ ಕೆಲಸ ಇದೆ ಅಕ್ಕ" ಅಂದ ಗಸ್ಪಾರ. ಅವಳ ಮುಖ ನೋಡಲಿಲ್ಲ.

ಇಗರ್ಜಿ ತುಂಬಿತ್ತು. ದೊರೊತೆ ಪಾದ ಮುಟ್ಟಿ ಹೇಳಿದಳು, "ಬಟ್ಟಲು ನಾನು ಮುಟ್ಟಿಲ್ಲ." ಗೋಡೆಯೊಳಗೆ ಗಸ್ಪಾರನ ಬೆರಳಲ್ಲಿ ದಾರ. ಪಾದ್ರಿಗಳು ಕೆಮ್ಮಲಿಲ್ಲ. ದೊರೊತೆ ತಲೆಯೆತ್ತಿ ಸಂತಮ್ಮನ ಮುಖ ನೋಡಿ ಎರಡನೆಯ ಸಲ ಹೇಳಿದಳು. ಕೆಮ್ಮಲಿಲ್ಲ. ಮೂರನೆಯ ಸಲ ಎರಡೂ ಕೈಯಿಂದ ಪಾದ ಹಿಡಿದು ಹೇಳಿದಳು. ಒಂದು ಬೆರಳು ಮಡಚಿದ್ದರೆ ಸಾಕಿತ್ತು. ಗಸ್ಪಾರ ಮಡಚಲಿಲ್ಲ. ಹಾಡುವವನು ಹಾಡಿಲ್ಲ, ಕೈ ಹ್ಯಾಗೆ ಆಡೀತು ಅಂದುಕೊಂಡ. ಹಾಗಂದುಕೊಂಡದ್ದಕ್ಕೆ ಅವನಿಗೇ ಅವನ ಮೇಲೆ ಅಸಹ್ಯವಾಯಿತಂತೆ. ಆದರೂ ಕೈ ಅಲುಗಲಿಲ್ಲ.

ತೀರ್ಪಾಯಿತು. ಒಲೆಗೆ ಮುದ್ರೆ ಬಿತ್ತು. ಏಳು ದಿನದೊಳಗೆ ಬಟ್ಟಲು ತಂದು ತಪ್ಪೊಪ್ಪಿಕೊಂಡರೆ ಸರಿ, ಇಲ್ಲದಿದ್ದರೆ ಹಿಮ ಬೀಳುತ್ತಿದ್ದರೂ ಊರು ಬಿಡಬೇಕು.

ದೊರೊತೆ ಬೈದಿದ್ದರೆ, ಎದೆ ಬಡಿದುಕೊಂಡು ಶಾಪ ಹಾಕಿದ್ದರೆ ಗಸ್ಪಾರ ಹೇಗೋ ಸಹಿಸಿಕೊಳ್ಳುತ್ತಿದ್ದ. ಅವಳು ಮನೆಗೆ ಬಂದು ಒಳ್ಳೆಯ ಬಟ್ಟೆ ಬದಲಿಸಿ ಮಡಚಿಟ್ಟಳು. ಆಮೇಲೆ ಹೇಳಿದಳು, "ಅಮ್ಮ ಸುಳ್ಳು ಹೇಳೋದಿಲ್ಲ ತಮ್ಮಾ. ಹಂಗಾದ್ರೆ ನಾನೇ ತಗೊಂಡಿರಬೇಕು. ನಂಗೇ ಗೊತ್ತಿಲ್ಲದೆ ತಂದು ಎಲ್ಲೋ ಇಟ್ಟಿದೀನಿ. ವಯಸ್ಸಾಯ್ತು ನೋಡು. ಹುಡುಕೋಣ, ಬಾ."

ಹುಡುಕಿದರು. ಒಂದನೇ ದಿನ ಹಿಟ್ಟಿನ ಮೂಟೆ ಬಿಚ್ಚಿ ಹುಡುಕಿದರು. ಎರಡನೇ ದಿನ ಸೌದೆಯ ರಾಶಿ ಕಿತ್ತು ಹುಡುಕಿದರು. ಮೂರನೇ ದಿನ ಬಾವಿಗೆ ಗಾಳ ಬಿಟ್ಟರು. ನಾಲ್ಕನೇ ದಿನ ಅವಳು ಗಂಡನ ಹಳೆಯ ಪೆಟ್ಟಿಗೆ ತೆಗೆದಳು. ಸತ್ತವನ ಅಂಗಿಗಳನ್ನು ಒಂದೊಂದಾಗಿ ಒದರಿ, ಮೂಸಿ, ಮಡಚಿಟ್ಟಳು. ಐದನೇ ದಿನ ಹಾಸಿಗೆಯ ಹುಲ್ಲು. ಆರನೇ ದಿನ ಹಿಟ್ಟಿನ ಮೂಟೆಯನ್ನೇ ಮತ್ತೊಂದು ಸಲ. ಅವಳ ಎದುರಿಗೆ ಕೂತು ಗಸ್ಪಾರನೂ ಮೊಳಕೈವರೆಗೆ ಹಿಟ್ಟಿನಲ್ಲಿ ಕೈಯಿಟ್ಟು ತಡಕಾಡಿದ. ಅಲ್ಲಿಲ್ಲದ ಬಟ್ಟಲನ್ನು, ಅಲ್ಲಿಲ್ಲ ಅಂತ ಗೊತ್ತಿದ್ದೂ ಹುಡುಕಿದ. "ಸಿಕ್ತಾ ತಮ್ಮಾ?" ಅಂತ ಅವಳು ಕೇಳಿದರೆ "ಇಲ್ಲ ಅಕ್ಕ" ಅಂದ. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಭೂಮಿ ಅಂಥ ಉಪಕಾರವನ್ನೆಲ್ಲ ಯಾರಿಗೂ ಮಾಡೋದಿಲ್ಲ.

ಏಳನೇ ದಿನ ಅವಳು ಗಂಟು ಕಟ್ಟಿಕೊಂಡು ಕೊನೆಯ ಸಲ ಇಗರ್ಜಿಗೆ ಬಂದಳು. ಊರೆಲ್ಲ ನೆರೆದಿತ್ತು. ಗಸ್ಪಾರ ಗೂಡಿನೊಳಗಿದ್ದ. ದೊರೊತೆ ಪಾದ ಮುಟ್ಟಿದಳು.

"ಅಮ್ಮಾ, ನಾನೇ ತಗೊಂಡೆ. ಎಲ್ಲಿಟ್ಟೆನೋ ನೆನಪಿಲ್ಲ. ನಂಗೆ ನೆನಪಿಲ್ಲದ್ದು ನಿಂಗೆ ಗೊತ್ತು. ನಾನು ಕಳ್ಳಿ. ಒಪ್ಕೊಂಡಿದೀನಿ, ಇಷ್ಟಾದ್ರೂ ನಿಜ ಅನ್ನು."

ಪಾದ್ರಿಗಳು ಕೆಮ್ಮಿದರು.

ಮೂರು ವರ್ಷದಲ್ಲಿ ಮೊದಲ ಸಲ ಗಸ್ಪಾರನ ಕೈ ಕೆಮ್ಮಿಗೆ ಆಡಲಿಲ್ಲ. ಪಾದ್ರಿಗಳು ಇನ್ನೊಂದು ಸಲ ಕೆಮ್ಮಿದರು. ಜೋರಾಗಿ ಕೆಮ್ಮಿದರು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಒಬ್ಬ ಮುದುಕಿ ಮೆಣಸು ಜೇನು ಹಿಡಿದು ಎದ್ದಳಂತೆ. ಅಷ್ಟರಲ್ಲಿ ಸಂತಮ್ಮನ ಹಿಂದಿನ ಗೋಡೆ ಕಿರ್ರೆಂದಿತು. ಬಾಗಿಲೇ ಇಲ್ಲ ಅಂತ ಎಲ್ಲರೂ ತಿಳಿದ ಜಾಗದಲ್ಲಿ ಬಾಗಿಲು ತೆರೆಯಿತು. ತಲೆಯ ತುಂಬ ಜೇಡರ ಬಲೆ, ಹೆಗಲ ತುಂಬ ಸುಣ್ಣ, ಕೈಯಲ್ಲಿ ದಾರ, ಹಾಗೆ ಗಸ್ಪಾರ ಹೊರಗೆ ಬಂದ.

"ಅಕ್ಕಾ, ಆವತ್ತು ತಲೆಯಾಡಿಸದೇ ಇದ್ದದ್ದು ಅಮ್ಮ ಅಲ್ಲ. ನಾನು."

ಯಾರಿಗೂ ಏನೂ ತಿಳಿಯಲಿಲ್ಲ. ಅವನು ದಾರ ಎಳೆದ. ಸಂತಮ್ಮ ತಲೆಯಾಡಿಸಿದಳು. ನಂಬಿಕೆ ಅಂದರೆ ನೋಡಿ, ದಾರ ಕಣ್ಣೆದುರಿಗೇ ಇದ್ದರೂ ಹತ್ತು ಜನ ಮಂಡಿಯೂರಿ ಕೈ ಮುಗಿದರಂತೆ. ಅವನು ಮತ್ತೆ ಎಳೆದ. ಮತ್ತೆ ಎಳೆದ. ಮಂಡಿಯೂರಿದವರು ಒಬ್ಬೊಬ್ಬರೇ ಎದ್ದು ನಿಂತರು. "ಬಟ್ಟಲು ತಗೊಂಡವನು ಲುವೀಸ. ಈ ಕಿಂಡಿಯಿಂದ ನನ್ನ ಕಣ್ಣಾರೆ ಕಂಡೆ. ಸ್ವಾಮಿಗಳಿಗೂ ಹೇಳಿದೆ" ಅಂದ ಗಸ್ಪಾರ.

"ಇವನಿಗೆ ಭೂತ ಹಿಡಿದಿದೆ!" ಅಂದರು ಪಾದ್ರಿಗಳು. ಮೆಣಸು ಜೇನಿನ ಮುದುಕಿ ನೆಟ್ಟಗೆ ಬಂದು, ದಾರ ಮುಟ್ಟಿ ನೋಡಿ, ಜೇನಿನ ಬಟ್ಟಲನ್ನು ಅವರ ಎದುರಿಗೇ ನೆಲಕ್ಕೆ ಸುರಿದಳಂತೆ. ಬಯ್ಯಲಿಲ್ಲ. ಅದಾದ ಮೇಲೆ ಯಾರೂ ಬಯ್ಯುವ ಹಾಗೂ ಇರಲಿಲ್ಲ, ಯಾಕಂದರೆ ದೊರೊತೆಯ ಹೆಸರು ಬಾಯಲ್ಲಿ ಆಡದವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು.

ಲುವೀಸ ಸಿಕ್ಕಿಬಿದ್ದ. ಬಟ್ಟಲು ಪಕ್ಕದೂರಿನ ಹೆಂಡದಂಗಡಿಯಲ್ಲಿ ಸಿಕ್ಕಿತು. ಪಾದ್ರಿಗಳನ್ನು ದೂರದ ಒಂದು ಮಠಕ್ಕೆ ಕಳಿಸಿದರು. ಅಲ್ಲಿ ಬದುಕಿದ್ದಷ್ಟು ದಿನ ಅವರಿಗೆ ಒಂದು ಸಲವೂ ಕೆಮ್ಮು ಬರಲಿಲ್ಲವಂತೆ. ಒಲೆಯ ಮುದ್ರೆ ಒಡೆದರು. ಆದರೆ ಅದೆಲ್ಲ ಆಮೇಲಿನ ಮಾತು. ಆವತ್ತು ಇಗರ್ಜಿಯಲ್ಲಿ ದೊರೊತೆ ಗಸ್ಪಾರನನ್ನು ಕೇಳಿದ್ದು ಒಂದೇ ಮಾತು.

"ಆರು ದಿನ ನನ್ನ ಜೊತೆ ಹುಡುಕಿದೆಯಲ್ಲಾ. ಗೊತ್ತಿದ್ದೂ ಹುಡುಕಿದ್ಯಾ?"

"ಹೂಂ ಅಕ್ಕ."

"ದಾರ ಎಳೀದೇ ಇದ್ದದ್ದನ್ನ ಹೊಟ್ಟೆಗೆ ಹಾಕ್ಕೋಬಹುದು. ಹೆದರಿದ್ದೆ ಅಂತ ಅನ್ಕೋತೀನಿ. ನನ್ನೆದುರಿಗೆ ಕೂತು ಹಿಟ್ಟಿನಲ್ಲಿ ಕೈಯಾಡಿಸಿದ್ಯಲ್ಲೋ, ಅದನ್ನ ಎಲ್ಲಿಗೆ ಹಾಕ್ಕೊಳ್ಳಲಿ?"

ಗಸ್ಪಾರ ಅವಳ ಕಾಲು ಹಿಡಿಯಲು ಬಗ್ಗಿದ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

"ನನ್ನೊಬ್ಬಳಿಗೇ ಅಲ್ಲ ನೀನು ಹಿಂಗೆ ಮಾಡಿರೋದು. ಮೂರು ವರ್ಷ ಎಳ್ದಿದೀಯ. ಅವರೆಲ್ಲರ ಬಾಗಿಲಿಗೂ ಹೋಗಿ ಹೇಳಿ ಬಾ. ನನ್ನ ಬಾಗಿಲು ಕೊನೆಗೆ."

ಗಸ್ಪಾರ ಹೊರಟ. ದಾರದ ಮಾತು ನಂಬಿ ಊರು ಬಿಟ್ಟವರು ಎಲ್ಲೆಲ್ಲೋ ಚೆದುರಿಹೋಗಿದ್ದರು. ಒಬ್ಬೊಬ್ಬರ ಬಾಗಿಲು ತಟ್ಟಿ, "ಆವತ್ತು ನಿಮ್ಮ ಮಾತಿಗೆ ಸುಮ್ಮನಿದ್ದದ್ದು ನಾನು" ಅಂದ. ಒಬ್ಬ ನಾಯಿ ಬಿಟ್ಟ. ಒಬ್ಬಳು ನೀರು ಕೊಟ್ಟು ಕಳಿಸಿದಳು. ಊರಲ್ಲೇ ಉಳಿದಿದ್ದ ಒಬ್ಬ ಮುದುಕ ಅವನನ್ನು ಹೊರಗೆ ತಳ್ಳಿ ಕದ ಹಾಕಿ, ಒಳಗಿನಿಂದ ಕೂಗಿದನಂತೆ: "ಸುಳ್ಳು! ಅಮ್ಮನೇ ಸುಮ್ಮನಿದ್ದದ್ದು! ಅಮ್ಮನೇ ಸುಮ್ಮನಿದ್ದಳು ಅಂತ ನನ್ನ ಮಗನ್ನ ನಾನೇ ಮನೆಯಿಂದ ಓಡಿಸಿದೀನಿ ಕಣೋ!" ಗಸ್ಪಾರ ಆ ಕದದ ಎದುರಿಗೆ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದ. ಕದ ತೆರೆಯಲಿಲ್ಲ.

ಒಂದು ಚಳಿಗಾಲ ಕಳೆಯಿತು, ಎರಡು ಕಳೆಯಿತು, ಮೂರು ಕಳೆಯಿತು. ನಾಲ್ಕನೆಯ ಚಳಿಗಾಲದಲ್ಲಿ ಅವನು ದೊರೊತೆಯ ಬಾಗಿಲಿಗೆ ಬಂದ. ತಟ್ಟಿದ. ಅವಳು ತೆರೆದಳು.

"ಎಷ್ಟು ಜನ?"

"ಮೂವತ್ತೇಳು ಮನೆ ಅಕ್ಕ."

"ಎಷ್ಟು ಜನ ಕ್ಷಮಿಸಿದ್ರು?"

"ಹನ್ನೊಂದು."

"ಹನ್ನೆರಡು ಮಾಡ್ಕೊಳ್ಳೋಣ ಅಂತ ಬಂದ್ಯಾ?"

"ಇಲ್ಲ ಅಕ್ಕ. ನೀನು ಕೊನೆಗೆ ಬಾ ಅಂದಿದ್ದೆ. ಬಂದೆ."

ದೊರೊತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊರಗೆ ಹಿಮ ಬೀಳುತ್ತಿತ್ತು. ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಒಳಗೆ ಬಾ. ಬಾಗಿಲು ತೆಗೆದಿಟ್ಟರೆ ಒಲೆ ಆರುತ್ತೆ. ಕ್ಷಮಿಸಿದೀನಿ ಅಂತ ಮಾತ್ರ ತಿಳ್ಕೋಬೇಡ."

ಅವನು ಒಳಗೆ ಹೋದನಂತೆ. ಅವಳು ಕ್ಷಮಿಸಿದಳೋ ಇಲ್ಲವೋ, ಏಳು ಕಡಲು ದಾಟಿ ಆ ಸುದ್ದಿ ನನ್ನವರೆಗೆ ಬಂದಿಲ್ಲ. ಕಥೆ ಅವರ ಮನೆಯೊಳಗೆ ಹೋಯಿತು, ನೀವೂ ಎದ್ದು ನಿಮ್ಮ ನಿಮ್ಮ ಮನೆಗೆ ಹೋಗಿ.