ಗೋಡೆದಾರಿಯ ಹನ್ನೊಂದು ಹೆಜ್ಜೆ

“ಗುರುಗಳೇ, ತಾನು ಕಾಣದ್ದನ್ನು ಕಂಡವರಿಂದ ಕೇಳಿ ತಿಳಿದು, ಒಂದಕ್ಷರವೂ ತಪ್ಪದಂತೆ ಇನ್ನೊಬ್ಬರಿಗೆ ಹೇಳಿದರೆ ಅದರಲ್ಲಿ ದೋಷವಿದೆಯೇ?” ಎಂದು, ಬೆಳಿಗ್ಗೆ ಬಂದಿದ್ದ ಮುದುಕರೊಬ್ಬರಿಗೆ ಸಮಾಧಾನ ಹೇಳಿ ಕಳಿಸಿದ್ದ ಶಿಷ್ಯ ಕೇಳಿದ.

ಗುರುಗಳು ಎದ್ದರು. ಅಂಗಳದಲ್ಲಿ ಒಣಗಲು ಹರಡಿದ್ದ ಹುಣಸೆಹಣ್ಣಿಗೆ ಒಮ್ಮೆ ಕೈಯಾಡಿಸಿ ಬಂದು ಕುಳಿತರು. ಆಮೇಲೆ ಈ ಕತೆ ಹೇಳಿದರು.

ಒಂದು ಎತ್ತರವಾದ ಬೆಟ್ಟವಿತ್ತು. ಅದರ ನೆತ್ತಿಯಲ್ಲಿ ಗುಡಿಯಿರಲಿಲ್ಲ, ನಿಧಿಯೂ ಇರಲಿಲ್ಲ. ಅಲ್ಲಿ ನಿಂತರೆ ಸುತ್ತಲಿನ ನಾಡೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ ಎಂಬುದಷ್ಟೇ ಅದರ ಹೆಚ್ಚುಗಾರಿಕೆ. ಅದಕ್ಕಾಗಿಯೇ ಜನ ದೂರದೂರದಿಂದ ಬರುತ್ತಿದ್ದರು. ಬೆಟ್ಟದ ಬುಡದಲ್ಲಿ ಒಂದು ಛತ್ರ. ಹತ್ತಲು ಬಂದವರೂ ಹತ್ತಿ ಇಳಿದವರೂ ಅಲ್ಲೇ ತಂಗುತ್ತಿದ್ದರು. ಸಂಜೆಯಾದರೆ ಛತ್ರದ ಜಗಲಿಯಲ್ಲಿ ಬೇರೆ ಮಾತೇ ಇಲ್ಲ. ಎಂಥ ಮೆಟ್ಟು ಹಾಕಬೇಕು, ಬುತ್ತಿಗೆ ಏನು ಕಟ್ಟಬೇಕು, ನೀರು ಎಲ್ಲಿ ಸಿಗುತ್ತದೆ, ಇಳಿಯುವಾಗ ಮಂಡಿ ಹಿಡಿದುಕೊಂಡರೆ ಏನು ಹಚ್ಚಬೇಕು. ಒಬ್ಬ ಅವಲಕ್ಕಿ ಎಂದರೆ ಇನ್ನೊಬ್ಬ ರೊಟ್ಟಿ ಎನ್ನುವನು. ಮಾತು ಬೆಳೆದು ಬೆಳೆದು, ಕೊನೆಗೆ ಎಲ್ಲರೂ ಕಂಬದ ಪಕ್ಕದಲ್ಲಿ ಕುಳಿತ ಒಬ್ಬ ಮನುಷ್ಯನ ಕಡೆಗೆ ತಿರುಗುವರು. ಅವನು ಹೇಳಿದ್ದೇ ತೀರ್ಮಾನ.

ಅವನು ಕಂಬಳಿ ವ್ಯಾಪಾರಿ. ಹದಿನಾಲ್ಕು ವರ್ಷಗಳ ಹಿಂದೆ ಬೆಟ್ಟ ಹತ್ತಲೆಂದು ಒಬ್ಬನೇ ಬಂದಿದ್ದ. ಆಳು ಗಟ್ಟಿ, ಉಸಿರೂ ಗಟ್ಟಿ. ಮುಕ್ಕಾಲು ಪಾಲು ಬೆಟ್ಟವನ್ನು ಎಲ್ಲೂ ಕೂರದೆ ಏರಿದ. ಅಲ್ಲಿ ಗೋಡೆದಾರಿ ಎಂಬ ಜಾಗ ಬರುತ್ತದೆ. ಎಡಕ್ಕೆ ಗೋಡೆಯ ಹಾಗೆ ನಿಂತ ಬಂಡೆ. ಬಲಕ್ಕೆ ಬರೀ ಗಾಳಿ. ನಡುವೆ ಒಂದೂವರೆ ಮೊಳ ಅಗಲದ ಕಲ್ಲಿನ ಅಂಚು. ಅದರ ಮೇಲೆ ಇನ್ನೂರು ಹೆಜ್ಜೆ ನಡೆದರೆ ಆಚೆಗೆ ಸಲೀಸಾದ ಹಾದಿ.

ವ್ಯಾಪಾರಿ ಆ ಅಂಚಿನ ಮೇಲೆ ಕೆಲವು ಹೆಜ್ಜೆ ಇಟ್ಟ. ಕಾಲು ನಡುಗತೊಡಗಿತು. ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ. ಅವನು ಕುಳಿತುಬಿಟ್ಟ. ಆಮೇಲೆ ಕೈಯೂರಿ, ಮಂಡಿಯೂರಿ, ಹಿಂದುಹಿಂದಕ್ಕೆ ತೆವಳುತ್ತ ಬಂದ. ಯಾರೂ ನೋಡಲಿಲ್ಲ.

ಹಾಗೆ ತಿರುಗಿ ಬಂದವರು ಅವನೊಬ್ಬನೇ ಅಲ್ಲ. ಆದರೆ ಅಂಥವರು ಛತ್ರದ ಹಿಂದಿನ ಕಾಲುದಾರಿ ಹಿಡಿದು ತಮ್ಮ ಊರಿಗೆ ಹೋಗಿಬಿಡುತ್ತಿದ್ದರು. ವ್ಯಾಪಾರಿಗೆ ಆ ದಾರಿ ಗೊತ್ತಿರಲಿಲ್ಲ. ಅವನು ಮುಂಬಾಗಿಲಿಗೇ ಬಂದ. ಅಕ್ಕಿ ಆರಿಸುತ್ತಿದ್ದ ಅಡಿಗೆಯವನು ತಲೆಯೆತ್ತಿ, “ನೆತ್ತಿಯ ಮೇಲೆ ಗಾಳಿ ಹೇಗಿತ್ತು ಯಜಮಾನರೇ?” ಎಂದ.

“ಜೋರಾಗಿತ್ತು,” ಎಂದ ವ್ಯಾಪಾರಿ.

ಅಷ್ಟೇ ಆಡಿದ್ದು. ಮಾರನೆಯ ದಿನ ಹತ್ತಲಿದ್ದ ಇಬ್ಬರು ಬಂದು ಅವನ ಪಕ್ಕದಲ್ಲಿ ಕುಳಿತರು. ಕೇಳಿದ್ದಕ್ಕೆ ಅವನು ತಿಳಿದಷ್ಟು ಹೇಳಿದ, ತಿಳಿಯದ್ದನ್ನು ಊಹಿಸಿ ಹೇಳಿದ. ಆ ಊಹೆ ಅವನನ್ನು ಚುಚ್ಚಿತು. ಅವರು ಇಳಿದು ಬರುವ ತನಕ ಕಾದು ಕುಳಿತು, ಮೇಲಿನ ಹಾದಿಯ ಒಂದೊಂದು ತಿರುವನ್ನೂ ಅವರಿಂದ ಕೇಳಿ ತಿಳಿದುಕೊಂಡ. ಹೀಗೆ ಒಂದು ವಾರವೆಂದು ಉಳಿದವನು ಒಂದು ತಿಂಗಳು ಉಳಿದ. ಊರಿನ ವ್ಯಾಪಾರವನ್ನು ತಮ್ಮನಿಗೆ ಬಿಟ್ಟ. ಛತ್ರದ ಮಗ್ಗುಲಲ್ಲೇ ಕಂಬಳಿ, ಮೆಟ್ಟು, ಊರುಗೋಲು ಇಟ್ಟುಕೊಂಡು ಕುಳಿತ.

ಇಳಿದು ಬಂದವರನ್ನು ಅವನಷ್ಟು ಆಸ್ಥೆಯಿಂದ ಕೇಳುವವರು ಇನ್ನೊಬ್ಬರಿರಲಿಲ್ಲ. ಕೇಳಿದ್ದನ್ನು ಅವನಷ್ಟು ನೆನಪಿಟ್ಟುಕೊಳ್ಳುವವರೂ ಇರಲಿಲ್ಲ. ಹೊಸ ಮೆಟ್ಟನ್ನು ಎಂಟು ದಿನ ಎಣ್ಣೆ ಹಚ್ಚಿ ಮೆತ್ತಗೆ ಮಾಡಿಯೇ ಹಾಕಬೇಕು. ಗಂಟನ್ನು ತಲೆಯ ಮೇಲಿಡದೆ ಬೆನ್ನಿಗೆ ಕಟ್ಟಬೇಕು, ಕೈ ಬಿಡುವಾಗಿರಬೇಕು. ಕರಿದ ತಿಂಡಿ ಬೇಡ, ಬಾಯಾರಿಸುತ್ತದೆ. ಹುರಿಹಿಟ್ಟಿಗೆ ಬೆಲ್ಲ ಬೆರೆಸಿ ಒಣಶುಂಠಿ ಹಾಕಿಕೊಳ್ಳಿ. ನೀರನ್ನು ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ. ಅವನ ಮಾತು ಕೇಳಿ ಹೋದವರು ದಾರಿ ತಪ್ಪಲಿಲ್ಲ, ಹಸಿದು ಬೀಳಲಿಲ್ಲ. ನೆತ್ತಿ ಕಂಡು ಬಂದವರೇ ತಮ್ಮ ನೆನಪು ಸರಿಯೋ ತಪ್ಪೋ ಎಂದು ಅವನನ್ನು ಕೇಳುವಂತಾಯಿತು. ಕ್ರಮೇಣ ಅವನಿಗೂ ತಾನು ನೆತ್ತಿಗೆ ಹೋಗಿಬಂದೆ ಎಂದೇ ಅನ್ನಿಸತೊಡಗಿತು. ಗೋಡೆದಾರಿಯ ಮಾತು ಬಂದಾಗ ಮಾತ್ರ ಅವನು ಎದ್ದು ಒಳಗೆ ಹೋಗಿ ನೀರು ಕುಡಿದು ಬರುತ್ತಿದ್ದ.

ಒಂದು ದಿನ ಆ ಛತ್ರಕ್ಕೆ ಒಬ್ಬ ಸೂಲಗಿತ್ತಿ ಬಂದಳು. ಐವತ್ತರ ಆಚೆಗಿನ ಹೆಂಗಸು. ಮೂವತ್ತು ವರ್ಷ ಆರೇಳು ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದವಳು. ಮಕ್ಕಳು ಹುಟ್ಟಿದ ಆ ಹಳ್ಳಿಗಳನ್ನೆಲ್ಲ ಒಮ್ಮೆ ಮೇಲಿನಿಂದ ಒಟ್ಟಿಗೆ ನೋಡಬೇಕು ಎಂಬುದು ಅವಳ ಆಸೆ. ಸಂಜೆ ಜಗಲಿಯ ಅಂಚಿನಲ್ಲಿ ಕುಳಿತು ಎಲ್ಲರ ಮಾತನ್ನೂ ಕೇಳಿದಳು. ಬುತ್ತಿಯ ವಿಷಯ ಕೇಳಿದಳು, ಮೆಟ್ಟಿನ ವಿಷಯ ಕೇಳಿದಳು. ವ್ಯಾಪಾರಿ ಎಲ್ಲಕ್ಕೂ ಸಮಾಧಾನವಾಗಿ ಹೇಳಿದ. ಅವಳ ಮೆಟ್ಟಿನ ಪಟ್ಟಿ ಸಡಿಲವಾಗಿದ್ದುದನ್ನು ಕಂಡು ತಾನೇ ಬಿಗಿ ಮಾಡಿಕೊಟ್ಟ.

ಆಮೇಲೆ ಅವಳು ಕೇಳಿದಳು: “ಅಣ್ಣಾ, ನನಗೆ ಎತ್ತರವೆಂದರೆ ಚಿಕ್ಕಂದಿನಿಂದಲೂ ದಿಗಿಲು. ಗೋಡೆದಾರಿಯಲ್ಲಿ ಕಾಲು ನಡುಗಿದರೆ ಏನು ಮಾಡಬೇಕು?”

ಜಗಲಿಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಈ ಸಲ ಎದ್ದು ಹೋಗುವಂತಿರಲಿಲ್ಲ.

“ಅಲ್ಲಿ ಯಾರ ಕಾಲೂ ನಡುಗುವುದಿಲ್ಲ ತಾಯಿ,” ಎಂದ ಅವನು. “ಬರೀ ಹೆಸರಿಗೆ ದೊಡ್ಡದು. ಎದುರಿಗೆ ನೋಡುತ್ತ ನಡೆಯಿರಿ, ದಾಟಿದ್ದೇ ತಿಳಿಯುವುದಿಲ್ಲ.”

“ನಿಮಗೆ ನಡುಗಲಿಲ್ಲವೇ?”

“ಇಲ್ಲ,” ಎಂದ.

ಅವಳು ಸಮಾಧಾನಪಟ್ಟು ಕೈಮುಗಿದು ಎದ್ದಳು.

ಮರುದಿನ ನಸುಕಿನಲ್ಲೇ ಅವಳು ಬೇರೆ ಐವರ ಜೊತೆ ಹೊರಟಳು. ಮಧ್ಯಾಹ್ನ ತಿರುಗಿದ ಮೇಲೆ ಆರು ಜನರೂ ಒಟ್ಟಿಗೆ ಇಳಿದು ಬಂದರು. ಅಷ್ಟು ಬೇಗ ನೆತ್ತಿ ಮುಟ್ಟಿ ಬರಲು ಆಗುವುದಿಲ್ಲ ಎಂದು ವ್ಯಾಪಾರಿಗೆ ಗೊತ್ತು. ಅವನು ಎದ್ದು ನಿಂತ.

ನಡೆದದ್ದು ಇಷ್ಟು. ಎಲ್ಲರಿಗಿಂತ ಮುಂದೆ ಸೂಲಗಿತ್ತಿ ಗೋಡೆದಾರಿಗೆ ಇಳಿದಿದ್ದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಕಾಲು ನಡುಗಿತು. ಬೇರೆ ಯಾರಿಗೂ ನಡುಗದ ಕಡೆ ತನ್ನ ಕಾಲು ನಡುಗುತ್ತಿದೆಯಲ್ಲ ಎಂದು ಅವಳಿಗೆ ಇನ್ನಷ್ಟು ಗಾಬರಿಯಾಯಿತು. ಹಿಂದಿನವರನ್ನು ಕರೆದು ಹೇಳಲು ನಾಚಿಕೆ. ಇನ್ನೂ ನಾಲ್ಕು ಹೆಜ್ಜೆ ಬಲವಂತವಾಗಿ ಇಟ್ಟು, ಬಂಡೆಗೆ ಮುಖ ಒತ್ತಿಕೊಂಡು ಕುಸಿದು ಕುಳಿತಳು. ಹಿಂದಿನವರು ಅವಳನ್ನು ದಾಟಿ ಹೋಗುವಂತಿರಲಿಲ್ಲ. ಬಿಸಿಲು ಏರುವ ತನಕ ಅವಳು ಏಳಲಿಲ್ಲ. ಕೊನೆಗೆ ಇಬ್ಬರು ಗಂಡಸರು ಅವಳ ನಡುವಿಗೆ ಪಂಚೆ ಕಟ್ಟಿ, ಕೂತಲ್ಲಿಂದಲೇ ಹಿಂದಕ್ಕೆ ಎಳೆದು ತಂದರು. ಅವಳ ಎರಡೂ ಅಂಗೈಗಳ ಚರ್ಮ ಕಿತ್ತುಹೋಗಿತ್ತು. ಯಾರಿಗೂ ಅಂದು ನೆತ್ತಿ ಸಿಗಲಿಲ್ಲ.

ಜೊತೆಗೆ ಹೋದವರು ಗೊಣಗುತ್ತಲೇ ಕಾಲು ತೊಳೆದುಕೊಂಡರು. ಸೂಲಗಿತ್ತಿ ನೇರವಾಗಿ ವ್ಯಾಪಾರಿಯ ಬಳಿಗೆ ಬಂದಳು.

“ಅಣ್ಣಾ, ನೀವು ಹೇಳಿದ ದಾರಿಯಲ್ಲಿ ಒಂದೂ ತಪ್ಪಿರಲಿಲ್ಲ,” ಎಂದಳು. “ಕೊರತೆ ನನ್ನಲ್ಲೇ ಇತ್ತು. ಎಲ್ಲರೂ ದಾಟುವುದನ್ನು ನಾನೊಬ್ಬಳು ದಾಟಲಾರದೆ ಹೋದೆ. ನನ್ನಿಂದ ಇವರ ದಿನವೂ ಕೆಟ್ಟಿತು.”

ಹೇಳಬೇಕಾದ ಮಾತು ವ್ಯಾಪಾರಿಯ ಗಂಟಲಿಗೆ ಬಂತು. ಜಗಲಿಯ ತುಂಬ ಜನ. ಕಂಬದ ಪಕ್ಕದಲ್ಲಿ ಅವನಿಗೆಂದೇ ಹಾಸಿದ ಕಂಬಳಿ. ಅವನು ನೆಲ ನೋಡುತ್ತ, “ಮುಂದಿನ ಸಲ ಆಗುತ್ತದೆ ತಾಯಿ,” ಎಂದ. ಅವಳು ತಲೆಯಾಡಿಸಿದಳು. ಉಳಿದಿದ್ದ ಹುರಿಹಿಟ್ಟನ್ನು ಅಡಿಗೆಯವನಿಗೆ ಕೊಟ್ಟು, ಹಿಂದಿನ ಕಾಲುದಾರಿ ಯಾವುದೆಂದು ಕೇಳಿಕೊಂಡು ಹೊರಟುಹೋದಳು.

ವ್ಯಾಪಾರಿ ಎಂದಿನಂತೆ ಕುಳಿತ. ಎಂದಿನಂತೆ ಸಲಹೆ ಹೇಳಿದ. ಆದರೆ ಯಾರಾದರೂ ‘ಅಣ್ಣಾ’ ಎಂದು ಕರೆದರೆ ಅವನ ಮೈ ಹಿಡಿಯಾಗುತ್ತಿತ್ತು. ಅವಳ ಊರು ಯಾವುದೆಂದು ಅವನಿಗೆ ಗೊತ್ತಿತ್ತು. ಹೋಗಿ ಬರೋಣ ಎಂದು ಬಹಳ ದಿನ ಅಂದುಕೊಂಡ. ಇಷ್ಟು ಹೊತ್ತಿಗೆ ಅವಳು ಮರೆತಿರುತ್ತಾಳೆ ಎಂದೂ ಅಂದುಕೊಂಡ.

ನಾಲ್ಕು ತಿಂಗಳ ಮೇಲೆ ಅದೇ ಊರಿನ ಒಬ್ಬ ಬಡಗಿ ಛತ್ರಕ್ಕೆ ಬಂದ. ವ್ಯಾಪಾರಿ ಮಾತಿನ ನಡುವೆ ಸೂಲಗಿತ್ತಿಯ ಸುದ್ದಿ ಕೇಳಿದ.

“ಅವಳು ಈಗ ಹೆರಿಗೆಗೆ ಹೋಗುವುದಿಲ್ಲ,” ಎಂದ ಬಡಗಿ. “ಧೈರ್ಯವಿಲ್ಲದವಳು ಇನ್ನೊಬ್ಬರಿಗೆ ಹೇಗೆ ಧೈರ್ಯ ಹೇಳಲಿ ಎನ್ನುತ್ತಾಳೆ. ಕಳೆದ ತಿಂಗಳು ನಮ್ಮ ಬೀದಿಯಲ್ಲೇ ಒಂದು ಚೊಚ್ಚಿಲ ಹೆರಿಗೆ. ಆ ಹುಡುಗಿ ಇವಳನ್ನೇ ಕೂಗಿ ಕೂಗಿ ಕರೆದಳು. ಇವಳು ಬಾಗಿಲ ತನಕ ಬಂದು, ಒಳಗೆ ಹೋಗಲಾರದೆ ನಿಂತುಬಿಟ್ಟಳು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಇವಳು ಹೋಗಿದ್ದರೆ ಉಳಿಯುತ್ತಿತ್ತೋ ಏನೋ, ಯಾರಿಗೆ ಗೊತ್ತು.”

ವ್ಯಾಪಾರಿ ಅಂದು ಊಟ ಮಾಡಲಿಲ್ಲ. ಮರುದಿನ ಯಾರಿಗೂ ಹೇಳದೆ ಹೊರಟು, ಮೂರು ದಿನ ನಡೆದು ಅವಳ ಊರು ಸೇರಿದ. ಅವಳು ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದಳು. ಅವನನ್ನು ಕಂಡು ಎದ್ದು ಮಣೆ ಹಾಕಿದಳು. ಅವನು ಕೂರಲಿಲ್ಲ.

“ತಾಯಿ, ನಾನು ನೆತ್ತಿ ಕಂಡವನಲ್ಲ,” ಎಂದ. “ಗೋಡೆದಾರಿಯಲ್ಲಿ ನನ್ನ ಕಾಲೂ ನಡುಗಿತ್ತು. ತೆವಳಿಕೊಂಡು ಹಿಂದಕ್ಕೆ ಬಂದವನು ನಾನು.”

ಅವಳು ಮೊರವನ್ನು ಕೆಳಗಿಟ್ಟಳು. 

“ಎಷ್ಟು ಹೆಜ್ಜೆ ಹೋಗಿದ್ದಿರಿ?”

“ಹನ್ನೊಂದು.”

“ನಾನು ನಲವತ್ತು ಹೋಗಿದ್ದೆ,” ಎಂದಳು ಅವಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ತನ್ನ ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. ಅಲ್ಲಿ ಹೊಸ ಚರ್ಮ ಬಂದಿತ್ತು.

“ಮೂವತ್ತು ವರ್ಷದಲ್ಲಿ ಯಾವ ಹೆಣ್ಣಿಗೂ ನೋವಾಗುವುದಿಲ್ಲ ಎಂದು ನಾನು ಹೇಳಿದವಳಲ್ಲ,” ಎಂದಳು. “ನನಗೂ ಹೀಗೇ ನೋವಾಗಿತ್ತು ಮಗಳೇ ಎನ್ನುತ್ತಿದ್ದೆ. ಅದನ್ನು ಕೇಳಿಯೇ ಅವರು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ನೀವು ಅಂದು ಅಷ್ಟು ಹೇಳಿದ್ದರೆ ನಾನು ದಾಟುತ್ತಿದ್ದೆನೋ, ತಿರುಗಿ ಬರುತ್ತಿದ್ದೆನೋ. ಎರಡರಲ್ಲಿ ಯಾವುದಾಗಿದ್ದರೂ ಆ ಮನೆಯ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ.”

ವ್ಯಾಪಾರಿ ಕ್ಷಮೆ ಕೇಳಬೇಕೆಂದು ಬಂದಿದ್ದ. ಕೇಳುವ ಬಾಯಿ ಬರಲಿಲ್ಲ. ಅವಳೂ ಕ್ಷಮಿಸಿದೆ ಎನ್ನಲಿಲ್ಲ. ಒಂದು ಚೊಂಬು ನೀರು ತಂದುಕೊಟ್ಟಳು. ಅವನು ನಿಂತೇ ಕುಡಿದು ಹೊರಟ.

ಕೆಲವು ತಿಂಗಳ ಮೇಲೆ ಅವಳು ಮತ್ತೆ ಹೆರಿಗೆಗೆ ಹೋಗತೊಡಗಿದಳು ಎಂದು ಸುದ್ದಿ ಬಂತು. ಆದರೆ ಕೂಸು ಹೋದ ಮನೆಯಿದ್ದ ಬೀದಿಯಲ್ಲಿ ಅವಳು ನಡೆಯುತ್ತಿರಲಿಲ್ಲವಂತೆ. ಕೆರೆಯ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದಳಂತೆ.

ಛತ್ರಕ್ಕೆ ಮರಳಿದ ದಿನವೇ ವ್ಯಾಪಾರಿ ಜಗಲಿಯಲ್ಲಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೆಲವರು ನಕ್ಕರು. ಕೆಲವರು ಬೈದರು. ಅಡಿಗೆಯವನು ಎದ್ದು ಒಳಗೆ ಹೋದ. ಕಂಬದ ಪಕ್ಕದ ಜಾಗದಲ್ಲಿ ಬೇರೊಬ್ಬರು ಕುಳಿತರು. ಅಂದಿನಿಂದ ಅವನು ಬಾಗಿಲ ಬಳಿ ನಿಂತು ಹತ್ತುವವರ ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಡುತ್ತಿದ್ದ. ಯಾರಾದರೂ ಕೇಳಿದರೆ, “ಗೋಡೆದಾರಿಯಲ್ಲಿ ಹನ್ನೊಂದು ಹೆಜ್ಜೆಯವರೆಗೆ ನನಗೆ ಗೊತ್ತು. ಅಲ್ಲಿ ನನಗೆ ಭಯವಾಯಿತು. ಮುಂದಿನದನ್ನು ಇಳಿದು ಬಂದವರಲ್ಲಿ ಕೇಳಿ,” ಎನ್ನುತ್ತಿದ್ದ. ಹೇಳುವಾಗಲೆಲ್ಲ ಅವನ ಮುಖ ಕೆಂಪಾಗುತ್ತಿತ್ತು. ಎಷ್ಟು ವರ್ಷ ಕಳೆದರೂ ಅದು ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

 “ಆದರೆ ಗುರುಗಳೇ, ಅವನು ಹೇಳಿದ ಸಾವಿರ ಮಾತುಗಳಲ್ಲಿ ಸುಳ್ಳಾದದ್ದು ಒಂದೋ ಎರಡೋ,” ಎಂದ ಶಿಷ್ಯ. “ಉಳಿದದ್ದರಿಂದ ಎಷ್ಟೋ ಜನರಿಗೆ ಒಳ್ಳೆಯದೇ ಆಯಿತಲ್ಲವೇ?”

“ಮಗ ತೀರಿಕೊಂಡ ದುಃಖ ಹೇಗೆ ಆರುತ್ತದೆ ಎಂದು ಬೆಳಿಗ್ಗೆ ನಿನ್ನಲ್ಲಿ ಕೇಳಿ ಹೋದ ಆ ಮುದುಕರು ಇನ್ನೂ ಹೊಳೆ ದಾಟಿರಲಿಕ್ಕಿಲ್ಲ. ಓಡಿದರೆ ಸಿಗುತ್ತಾರೆ; ನೀನು ಆ ದುಃಖ ಕಂಡವನಲ್ಲ ಎಂದು ಹೇಳಿ ಬಾ,” ಎಂದರು ಗುರುಗಳು.